ಗಾಂಧಿ ಕ್ಲಾಸಿನಿಂದ: ಅವ್ವನ ಬಾಕಿ, ಸಾವಿರ ಕೋಟಿ!

ಹೋದ ವಾರ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ನನ್ನನ್ನು ಹಿಡಿದು ನಿಲ್ಲಿಸಿದ. "ಅಣ್ಣಾ, ನೀ ಸಿನಿಮಾ ಬಗ್ಗೆ ಬರಿಯಾಂವ. ಕೆಜಿಎಫ್ ಎರಡನೇ ಭಾಗ ಅಷ್ಟ್ಯಾಕ ಓಡ್ತು, ಖರೇ ಹೇಳು" ಅಂದ. ನಾನು ಬಾಯಿ ತೆರೆಯುವ ಮೊದಲೇ ಚಹಾದಂಗಡಿಯ ಪಂಡಿತರೊಬ್ಬರು ತೀರ್ಪು ಕೊಟ್ಟರು: "ಎಲ್ಲಾ ಪ್ರಚಾರ ರೀ! ರೊಕ್ಕಾ ಸುರುವಿದ್ರ ಕಲ್ಲೂ ಓಡತೈತಿ!"

ಓದುಗ ಮಿತ್ರರೇ, ಇದು ಒಪ್ಪುವ ಮಾತೇ? ರೊಕ್ಕ ಸುರಿದು ಮೂರೇ ದಿನಕ್ಕೆ ಡಬ್ಬಾ ಸೇರಿದ ಚಿತ್ರಗಳನ್ನು ನಾವು ಕಂಡಿಲ್ಲವೇ? ಪ್ರಚಾರ ಮಾಡಿದರೆ ಮೊದಲ ದಿನದ ಟಿಕೆಟ್ ಹರಿಯುತ್ತದೆ. ನಾಲ್ಕನೇ ವಾರದ ಟಿಕೆಟ್ ಹರಿಯಬೇಕಾದರೆ ಒಳಗೆ ಬೇರೇನೋ ಇರಬೇಕು.

ಮೊದಲ ಭಾಗ ತೆರೆ ಕಂಡದ್ದು 2018ರ ಡಿಸೆಂಬರ್ 21ರಂದು. ಎರಡನೆಯದು 2022ರ ಏಪ್ರಿಲ್ 14ರಂದು. 2020ರ ಅಕ್ಟೋಬರ್ ಅಂದರು, ಕೊರೋನಾ ಬಂತು. 2021ರ ಜುಲೈ ಅಂದರು, ಅದೂ ಕೈತಪ್ಪಿತು. ಅಷ್ಟು ದಿನ ಆದರೆ ಜನ ಮರೆಯಬೇಕಿತ್ತಲ್ಲ? ಮರೆಯಲಿಲ್ಲ! ಗಲ್ಲಾಪೆಟ್ಟಿಗೆ ಸಾವಿರ ಕೋಟಿ ದಾಟಿತು. ಯಾಕೆಂದರೆ ಮೊದಲ ಭಾಗ ನಮ್ಮ ಹತ್ತಿರ ಒಂದು ಬಾಕಿ ಬರೆಸಿ ಹೋಗಿತ್ತು.

ಸರಣಿ ಚಿತ್ರ ನಮಗೇನೂ ಹೊಸದಲ್ಲ. ದೊರೈ-ಭಗವಾನ್ ಜೋಡಿ ಡಾ. ರಾಜ್ ಅವರನ್ನು ಸಿಐಡಿ 999 ಮಾಡಿ ನಾಲ್ಕು ಚಿತ್ರ ಕೊಟ್ಟಿತು. 1968ರಲ್ಲಿ 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಅಣ್ಣಾವ್ರ ಗತ್ತಿಗೆ ಸಾಟಿ ಉಂಟೇ? ಆದರೆ ನಾಲ್ಕನೆಯದನ್ನು ಮೊದಲು ನೋಡಿದರೂ ನಡೆಯುತ್ತಿತ್ತು. ಕಳ್ಳರು ಸಿಕ್ಕಿಬಿದ್ದರು, ಲೆಕ್ಕ ಚುಕ್ತಾ. ಮುಂದಿನ ಚಿತ್ರಕ್ಕೆ ಸಾಲ ಉಳಿಯುತ್ತಿರಲಿಲ್ಲ.

ಪ್ರಶಾಂತ್ ನೀಲ್ ಮಾಡಿದ್ದು ಇದರ ಉಲ್ಟಾ ಲೆಕ್ಕ. ಮೊದಲ ಭಾಗದ ಕೊನೆಗೆ ಗರುಡ ಸತ್ತ, ನಾವೆಲ್ಲ ಎದ್ದು ನಿಂತು ಶಿಳ್ಳೆ ಹೊಡೆದೆವು. ಹೊರಗೆ ಬಂದಮೇಲೆ ಹೊಳೆಯಿತು, ಕಥೆ ಮುಗಿದಿಲ್ಲ! ಗರುಡ ಹೋದದ್ದರಿಂದಲೇ ಅಧೀರನಿಗೆ ದಾರಿ ತೆರೆಯಿತು. ರಾಕಿ ಗೆದ್ದ ಗೆಲುವೇ ರಾಕಿಯ ಕುತ್ತಿಗೆಗೆ ಬಂತು. ಎಲ್ಲಕ್ಕಿಂತ ಮೇಲೆ, ಸಾಯುವಾಗ ತಾಯಿ ತೆಗೆದುಕೊಂಡ ಮಾತು: ಹೇಗೇ ಬದುಕು, ಬಡವನಾಗಿ ಮಾತ್ರ ಸಾಯಬೇಡ. ಅದು ಹಾಗೇ ಬಾಕಿ. ಟ್ರಾಫಿಕ್ ನಿಲ್ಲಿಸಿ, ಕೂಸನ್ನೆತ್ತಿಕೊಂಡ ಹೆಣ್ಣುಮಗಳ ಕೈಗೆ ಬಿದ್ದ ಬನ್ನು ಎತ್ತಿಕೊಡುವ ಆ ಒಂದು ದೃಶ್ಯ ಸಾಕು. ಈ ರೌಡಿಯ ಒಳಗೆ ಒಬ್ಬ ತಬ್ಬಲಿ ಕೂತಿದ್ದಾನೆಂದು ಗಾಂಧಿ ಕ್ಲಾಸಿಗೆ ಗೊತ್ತಾಗಿಬಿಟ್ಟಿತು.

ಎರಡನೇ ಭಾಗ ಆ ಬಾಕಿಯನ್ನು ಬಡ್ಡಿ ಸಮೇತ ತೀರಿಸಿತು. ಕಾದು ಕೆಂಪಾದ ಬಂದೂಕಿನ ನಳಿಗೆಗೆ ಯಶ್ ಸಿಗರೇಟು ಹೊತ್ತಿಸಿದಾಗ ಪರದೆ ಹರಿಯುವಷ್ಟು ಗಲಾಟೆ ಆಯಿತು, ನಿಜ. ಆದರೆ ಅದರಿಂದ ಚಿತ್ರ ಗೆಲ್ಲಲಿಲ್ಲ. ರೀನಾ ತಾನು ಬಸುರಿ ಎಂದು ಹೇಳಿದ ಬೆನ್ನಿಗೇ ಗುಂಡಿಗೆ ಬಲಿಯಾಗುತ್ತಾಳೆ. ಅಪ್ಪನಾಗುವ ಭಾಗ್ಯವೂ ಹೋದಮೇಲೆ ರಾಕಿಗೆ ಉಳಿದದ್ದು ಅವ್ವನಿಗೆ ಕೊಟ್ಟ ಮಾತೊಂದೇ. ಅಷ್ಟೂ ಚಿನ್ನದ ಜೊತೆ ಸಮುದ್ರದಲ್ಲಿ ಮುಳುಗುತ್ತಾನೆ. ಮಾತು ಉಳಿಯಿತು, ಮಗ ಉಳಿಯಲಿಲ್ಲ!

ಹಾಲಿವುಡ್ಡಿನವರ ಗುಟ್ಟೂ ಇದೇ ನೋಡಿ. 2008ರಲ್ಲಿ 'ಐರನ್ ಮ್ಯಾನ್'ನಿಂದ ಶುರು ಮಾಡಿ, 22ನೇ ಚಿತ್ರವಾಗಿ 2019ರ ಏಪ್ರಿಲ್‌ನಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ತಂದರು. ಹಿಂದಿನ ವರ್ಷ 'ಇನ್ಫಿನಿಟಿ ವಾರ್'ನಲ್ಲಿ ಖಳನಾಯಕ ಥಾನೋಸ್ ಚಿಟಿಕೆ ಹೊಡೆದು ಅರ್ಧ ಲೋಕವನ್ನೇ ಬೂದಿ ಮಾಡಿದ್ದ. ಸೋತ ನಾಯಕರನ್ನು ನೋಡಿ ಮನೆಗೆ ಹೋದ ಜನ ಒಂದು ವರ್ಷ ಕಾದರು. ಕೊನೆಗೆ ಬಾಕಿ ತೀರಿಸಿದವನು ಯಾರು? ಮೊದಲು ಬಂದ ಐರನ್ ಮ್ಯಾನೇ, ತನ್ನ ಪ್ರಾಣ ಕೊಟ್ಟು. ಹನ್ನೊಂದು ವರ್ಷದ ಸಲುಗೆ ಇಲ್ಲದಿದ್ದರೆ ಆ ಸಾವಿಗೆ ಯಾರು ಅಳುತ್ತಿದ್ದರು?

ಹಾಗಂತ ಕೆಜಿಎಫ್‌ನಲ್ಲಿ ಕುಂದಿಲ್ಲ ಎನ್ನಲಾರೆ. ಐದೈದು ನಿಮಿಷಕ್ಕೊಂದು ಗಾದೆಯಂಥ ಸಂಭಾಷಣೆ, ಎಣಿಸಿ ಮುಗಿಯದ ಹೆಣ. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ನಗುವವರೂ ಇದ್ದಾರೆ. ನಗಲಿ ಬಿಡಿ. ಬಣ್ಣ ಇದ್ದದ್ದಕ್ಕೇ ಬ್ಯಾಡಗಿಗೆ ಹೆಸರು ಬಂದದ್ದು!

ಬ್ಯಾಡಗಿ ಅಂದಕೂಡಲೇ ನನ್ನ ದೋಸ್ತನೊಬ್ಬನ ಮಾತು ಹೇಳಲೇಬೇಕು. ಅಲ್ಲಿನ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುವವನು. ಮೊದಲ ಭಾಗ ನೋಡಿದ ರಾತ್ರಿ, ರಾಣೆಬೆನ್ನೂರಿನಲ್ಲಿ ಸೆಕೆಂಡ್ ಷೋ ಬಿಟ್ಟಮೇಲೆ ಬಸ್ಸಿಲ್ಲದೆ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದೆವು. "ಈ ಸುಗ್ಗಿ ಮುಗೀಲಿ, ನಮ್ಮವ್ವಗ ಒಂದ್ ಜೋಡಿ ಬೆಂಡೋಲಿ ಮಾಡಸ್ತೀನಲೇ" ಅಂದಿದ್ದ. ಆ ಸುಗ್ಗಿ ಮುಗಿಯಿತು, ತಂಗಿ ಮದುವೆ ಬಂತು. ಆಮೇಲೆ ಲಾಕ್‌ಡೌನ್, ಮಾರ್ಕೆಟ್ ಬಂದ್, ಕೂಲಿ ಬಂದ್.

ಎರಡನೇ ಭಾಗವನ್ನೂ ಒಟ್ಟಿಗೇ ನೋಡಿದೆವು. ಚಿನ್ನ ಸಮುದ್ರಕ್ಕೆ ಬಿದ್ದಾಗ ಟಾಕೀಸೇ ಚೀರುತ್ತಿತ್ತು. ಇವನು ಮಾತ್ರ ಸುಮ್ಮನೆ ಕೂತಿದ್ದ. ಹೊರಗೆ ಬಂದು ಬೀಡಿ ಹಚ್ಚಿ ಎರಡೇ ಮಾತು ಆಡಿದ. "ಅಷ್ಟೂ ನೀರಿಗೆ ಹಾಕಿದ್ನಲ್ಲೋ... ನಮ್ಮವ್ವಗ ಎರಡು ಗ್ರಾಂ ಸಾಕಿತ್ತು." ಸ್ವಲ್ಪ ಹೊತ್ತು ಬಿಟ್ಟು, "ಅಲ್ಲೋ, ನರಾಚಿಯೊಳಗ ಕಲ್ಲು ಹೊರೋರಿಗೆ ಪಗಾರ ಎಷ್ಟ್ ಮಾಡಿದ್ದ ರಾಕಿ? ಅದನ್ನ ತೋರಿಸ್ಲೇ ಇಲ್ಲ!"

ಯಾವ ವಿಮರ್ಶಕರೂ ಕೇಳದ ಪ್ರಶ್ನೆ ಇದು. ನನ್ನ ಹತ್ತಿರ ಉತ್ತರವಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಬಂದವನು ನಾನು. "ಪರೀಕ್ಷಾ ಯಾವಾಗ ಕಟ್ಟತಿ?" ಎಂದು ನಮ್ಮವ್ವ ಈಗಲೂ ಕೇಳುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಳ್ಳುವ ಯಾವ ಹುಡುಗನ ತಲೆಯ ಮೇಲೆ ಇಂಥದೊಂದು ಬಾಕಿ ಇಲ್ಲ, ಹೇಳಿ? ಬಸ್ಸು ಓಡಿಸಿದವರ ಮಗ ಯಶ್ ಪರದೆಯ ಮೇಲೆ ತೀರಿಸಿದ್ದು ನಮ್ಮೆಲ್ಲರ ಆ ಬಾಕಿಯನ್ನು. ಚಿತ್ರ ಓಡಿದ್ದು ಅದಕ್ಕೇ ತಮ್ಮಾ.

ಚಿತ್ರದ ಕೊನೆಯಲ್ಲಿ ಮೂರನೇ ಭಾಗದ ಸುಳಿವು ಕೊಟ್ಟಿದ್ದಾರೆ. ಅಭಿಮಾನಿಗಳು ಬೈದರೂ ಸರಿ, ಬೇಡ ಅಂತಲೇ ನನ್ನ ಮತ. ತೀರಿದ ಸಾಲಕ್ಕೆ ಮತ್ತೆ ಚೀಟಿ ಬರೆಸಬಾರದು. ಮುಳುಗಿದವನನ್ನು ಮೇಲೆತ್ತಿದರೆ ಅವನು ಅವ್ವನಿಗೆ ಕೊಟ್ಟ ಮಾತೂ ಹಗುರಾಗುತ್ತದೆ.

ದೋಸ್ತನ ವಿಷಯ ಕೇಳುತ್ತೀರಾ? ಮೊನ್ನೆ ಸಿಕ್ಕಿದ್ದ. ಬೆಂಡೋಲಿ ಇನ್ನೂ ಆಗಿಲ್ಲ. ಪತ್ತಾರನ ಹತ್ತಿರ ಮುಂಗಡ ಕೊಟ್ಟಿದ್ದಾನಂತೆ. ಅವನದು ಚಾಪ್ಟರ್ ಒನ್ ನಡೆದಿದೆ. ಎರಡನೇ ಭಾಗಕ್ಕೆ ನಾನು ಕಾಯುತ್ತಿರುವುದು ಅಲ್ಲಿ!