ಕಳಚಿದ ಕೊಂಡಿ



ಆಟದ ರೈಲಿಗೆ ಈ ಅಂಕಣದಲ್ಲೇನು ಕೆಲಸವೆಂದು ತಾವು ಕೇಳಬಹುದು. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ನೆಲೆಸಿರುವ ಪರಿಚಿತ ಕುಟುಂಬವೊಂದರ ಆತಿಥ್ಯದಲ್ಲಿ ಕಳೆದ ಬೇಸಗೆಯಲ್ಲಿ ನಾವು ಕೆಲವು ದಿನ ಇದ್ದೆವು. ನೆರೆಮನೆಯ ಹಿರಿಯರು ಎಂಬತ್ತು ದಾಟಿದವರು. ಮಡದಿ ತೀರಿಕೊಂಡ ಮೇಲೆ ಹಿತ್ತಿಲಿನಲ್ಲಿ ಓಡುವ ರೈಲೊಂದೇ ಅವರ ಸಂಜೆಯ ಸಂಗಾತಿ.

ಆ ಊರಿನ ಲೇಮನ್ ಕಾರ್ಖಾನೆಯು 1968ರಲ್ಲಿ ಹೊರತಂದ ಎಲ್‌ಜಿಬಿ ಮಾದರಿಯ ರೈಲು ಅದು. 2007ರಲ್ಲಿ ಆ ಹೆಸರು ಮಾರ್ಕ್ಲಿನ್ ಸಂಸ್ಥೆಯ ಪಾಲಾಯಿತು. ಹಳಿಗಳ ಅಂತರ 45 ಮಿಲಿಮೀಟರ್. ನಮ್ಮ ಹಿರಿಯರು ಪಯಣಿಸಿದ ಮೀಟರ್ ಗೇಜ್ ಹಳಿಯನ್ನು ಇಪ್ಪತ್ತೆರಡೂವರೆ ಪಾಲು ಕುಗ್ಗಿಸಿದರೆ ಹೆಚ್ಚುಕಡಿಮೆ ಇದೇ ಅಳತೆ ದೊರೆಯುತ್ತದೆ.

ತೊಂದರೆ ಇದ್ದುದು ಏರಿನಲ್ಲಿ. ಅರ್ಧ ದಾರಿಯಲ್ಲಿ ಕೊಂಡಿ ಕಳಚಿ, ಹಿಂದಿನ ಬೋಗಿಗಳು ಇಳಿಜಾರಿನಲ್ಲಿ ಉರುಳಿ ಕಲ್ಲಿಗೆ ಬಡಿಯುತ್ತಿದ್ದವು. ನಡುಗುವ ಕೈಗಳಿಂದ ಅವನ್ನೆತ್ತಿ ಸಾಕಾದ ಹಿರಿಯರು ಎಲ್ಲವನ್ನೂ ಮಾರಿಬಿಡುವ ನಿರ್ಧಾರಕ್ಕೆ ಬಂದಿದ್ದರು. ನಮ್ಮ ಆತಿಥೇಯರ ಹದಿಮೂರು ವರ್ಷದ ಮಗಳು, "ಒಂದು ವಾರ ತಾಳಿ, ಅಜ್ಜ" ಎಂದು ಬೇಡಿಕೊಂಡಳು.

ಈ ಕೊಂಡಿಯಲ್ಲಿ ಎರಡು ಅಂಗಗಳು: ಮುಂಚಾಚಿದ ಅಗಲವಾದ ಬಳೆ, ಅದರ ಕೆಳಗೊಂದು ಕೊಕ್ಕೆ. ಎರಡು ಬೋಗಿಗಳು ಕೂಡಿದಾಗ ಒಂದರ ಕೊಕ್ಕೆ ಇನ್ನೊಂದರ ಬಳೆಯಡಿ ತಗ್ಗಿ ನುಸುಳುತ್ತದೆ. ಒಳಗಿನ ಸ್ಪ್ರಿಂಗ್ ಅದನ್ನು ಮೇಲೆತ್ತಿ ಹಿಡಿಸುತ್ತದೆ. ಸ್ಪ್ರಿಂಗ್ ಸೋತರೆ, ಕೊಕ್ಕೆಯ ತುಟಿ ಸವೆದು ದುಂಡಾದರೆ, ಅಥವಾ ತಿರುಪು ಸಡಿಲಿ ಕೊಂಡಿಯೇ ಜೋತುಬಿದ್ದರೆ, ಹಳಿಯ ಸಣ್ಣ ತಗ್ಗಿನಲ್ಲಿಯೂ ಹಿಡಿತ ತಪ್ಪುತ್ತದೆ. ಹಿರಿಯರು ಕೊಕ್ಕೆಗಳನ್ನಷ್ಟೇ ದೂಷಿಸುತ್ತಿದ್ದರು. ಆ ಹುಡುಗಿ ಸಮನಾದ ಹಲಗೆಯ ಮೇಲೆ ಹಳಿಯಿಟ್ಟು, ಚೆನ್ನಾಗಿದ್ದ ಬೋಗಿಯೊಂದನ್ನು ಮಾನದಂಡವಾಗಿರಿಸಿ ಉಳಿದವುಗಳ ಎತ್ತರವನ್ನು ಹೋಲಿಸಿದಳು. ಹತ್ತರಲ್ಲಿ ಆರು ಕೊಂಡಿಗಳು ಜೋತಿದ್ದವು. ನಿಜವಾಗಿ ಸವೆದಿದ್ದ ಕೊಕ್ಕೆಗಳು ಮೂರೇ!

ಜೋತುಬಿದ್ದವಕ್ಕೆ ತೆಳುವಾದ ವಾಷರ್ ಸೇರಿಸಿ ತಿರುಪು ಬಿಗಿದದ್ದಾಯಿತು. ತಿರುಪಿನ ರಂಧ್ರ ಹಿಗ್ಗಿದ್ದೆಡೆ ತುಸು ದಪ್ಪನೆಯ ತಿರುಪು ಹಿಡಿಸಿತು. ಬಿಗಿತ ಅತಿಯಾದರೆ ಕೊಂಡಿ ಪಕ್ಕಕ್ಕೆ ಹೊರಳದೆ ತಿರುವಿನಲ್ಲಿ ಬೋಗಿಯನ್ನೇ ಹಳಿ ತಪ್ಪಿಸೀತು. ಆದುದರಿಂದ ಬೆರಳಿನಿಂದ ಆಡಿಸಿ ನೋಡುವುದು ಅಗತ್ಯ. ಮುರಿದ ಕೊಕ್ಕೆಗೆ ಅಂಟು ಹಚ್ಚುವ ಆಸೆ ಹಿರಿಯರಿಗಿತ್ತು. ನೈಲಾನ್‌ನಂಥ ನುಣುಪು ಪ್ಲಾಸ್ಟಿಕ್ಕಿಗೆ ಅಂಟು ನಿಲ್ಲದು, ನಿಂತರೂ ಎಳೆತಕ್ಕೆ ಬಾಳದು. ಹೊಸದನ್ನೇ ತರಿಸಬೇಕಾಯಿತು.

ನಮಗೆ ಹಿಡಿಸಿದ್ದು ಜೋಡಣೆಯ ಕ್ರಮ. ಬೋಗಿಯೊಂದಕ್ಕೆ ಒಂದು ಕಿಲೋ ತೂಕವೆಂದುಕೊಂಡರೆ, ನೂರಕ್ಕೆ ನಾಲ್ಕರ ಏರಿನಲ್ಲಿ ಹತ್ತು ಬೋಗಿಗಳು ಸುಮಾರು 400 ಗ್ರಾಂ ಭಾರದಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತವೆ. ಗಾಲಿಗಳ ಘರ್ಷಣೆ ಬೇರೆ. ಎಂಜಿನ್ನಿನ ಹಿಂದಿನ ಮೊದಲ ಕೊಂಡಿ ಈ ಎಲ್ಲ ಎಳೆತವನ್ನೂ ಹೊರುತ್ತದೆ, ಕೊನೆಯದು ಒಂದೇ ಬೋಗಿಯದನ್ನು. ಅದಕ್ಕಾಗಿ ಗಟ್ಟಿಯವು ಮುಂದಕ್ಕೆ, ಸವೆದವು ಹಿಂದಕ್ಕೆ. ಎರಡು ತುದಿಗೂ ಕೊಕ್ಕೆಯಿಟ್ಟರೆ ಹಿಡಿತ ಇಮ್ಮಡಿಯಾಗುತ್ತದೆ. ಮೊದಲ ನಾಲ್ಕು ಬೋಗಿಗಳಿಗೆ ಹಾಗೆಯೇ ಮಾಡಿದರು.

ನಾವು ಹೊರಡುವ ಹಿಂದಿನ ಸಂಜೆ ಒಂಬತ್ತು ಬೋಗಿಗಳು ಏರು ಹತ್ತಿದವು. ಹತ್ತನೆಯದು ಹೊಸ ಕೊಕ್ಕೆಗಾಗಿ ಕಾಯುತ್ತ ಊಟದ ಮೇಜಿನ ಮೇಲಿತ್ತು. ಮಾರಾಟದ ವಿಷಯವನ್ನು ಹಿರಿಯರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ.