ಸವಳು ಹೊಲದಲ್ಲಿ ಪಿಎಚ್ ಪಾಠ

ಆಮ್ಲ-ಪ್ರತ್ಯಾಮ್ಲ ಅಂದರೇನು ಅಂತ ಪಿಯುಸಿ ಹುಡುಗರನ್ನ ಕೇಳಿ ನೋಡಿ. ಲಿಟ್ಮಸ್ ಕೆಂಪಾಗುತ್ತೆ, ನೀಲಿಯಾಗುತ್ತೆ ಅಂತ ಒಂದೇ ಉಸಿರಿಗೆ ಒಪ್ಪಿಸ್ತಾರೆ. ಅಪ್ಪನ ಹೊಲ ಯಾಕೆ ಹಾಳಾಯ್ತು ಅಂತ ಕೇಳಿದರೆ ಸುಮ್ಮನಾಗ್ತಾರೆ.

ಸಿಂಧನೂರು, ಮಸ್ಕಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆದು, ನೀರು ಬಸಿಯದೆ ಸವಳಾದ ಕಪ್ಪು ನೆಲ ಇದೆಯಲ್ಲ, ಪಾಠ ಅಲ್ಲಿಂದ ಶುರುವಾಗಬೇಕು ಅನ್ನೋದು ನನ್ನ ವಾದ. ಕ್ಷಾರ ಜಾಸ್ತಿಯಾದ ಮಣ್ಣಿನ ಪಿಎಚ್ 8.5 ದಾಟಿರುತ್ತೆ. ಹಾಗಾದರೆ ಆಮ್ಲ ಸುರೀಬೇಕಾ? ಇಲ್ಲ, ಹಾಕೋದು ಜಿಪ್ಸಂ. ಅದು ಆಮ್ಲವೇ ಅಲ್ಲ, ಲವಣ! ಅದರ ಕ್ಯಾಲ್ಸಿಯಂ, ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸಿ ಆ ಜಾಗ ಹಿಡಿಯುತ್ತೆ. ಸೋಡಿಯಂ ಕಾರ್ಬೊನೇಟ್ ಇದ್ದರೆ ಅದನ್ನೂ ಸುಣ್ಣಕಲ್ಲಿನ ಪುಡಿಯಾಗಿಸಿ ಕೂರಿಸುತ್ತೆ. ಉಳಿದ ಸೋಡಿಯಂ ಸಲ್ಫೇಟ್ ನೀರಲ್ಲಿ ತೊಳೆದುಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಜಿಪ್ಸಂ ಹಾಕಿದ್ದೂ ದಂಡ.

ಇನ್ನು ಲಿಂಗಸೂಗೂರು ತಾಲ್ಲೂಕಿನ ಹಟ್ಟಿ ಚಿನ್ನ. ಅದಿರಿನ ಚಿನ್ನವನ್ನ ಸೈನೈಡಲ್ಲಿ ಕರಗಿಸುವಾಗ ಸುಣ್ಣ ಹಾಕಿ ಪಿಎಚ್ ಸುಮಾರು 10ರ ಮೇಲಿಡಬೇಕು. 9.2ಕ್ಕೆ ಇಳಿದರೆ ಅರ್ಧ ಸೈನೈಡ್ ಹೈಡ್ರೋಜನ್ ಸೈನೈಡ್ ಆಗುತ್ತೆ, ವಿಷಾನಿಲ! 'ದುರ್ಬಲ ಆಮ್ಲ' ಅಂದರೆ ಪಾಪದ್ದು ಅಂದುಕೊಂಡವರಿಗೆ ಇದನ್ನ ಹೇಳಬೇಕು.

ಮೇಷ್ಟ್ರುಗಳೇ, ಹುಡುಗರಿಂದ ಒಂದೊಂದು ಹಿಡಿ ಹೊಲದ ಮಣ್ಣು ತರಿಸಿ, ಡಿಸ್ಟಿಲ್ಡ್ ವಾಟರಲ್ಲಿ ಕಲಕಿ ಪಿಎಚ್ ಅಳೆಸಿ. ನೀವೇನಂತೀರಿ?