ತಾತನ ಬಲಗೈ ಮನೆಯಲ್ಲಿ ಏನು ಮಾಡುತ್ತಿದೆ?

ಮಕ್ಕಳೇ, ಥೇಣಿ ಜಿಲ್ಲೆಯ ಆಂಡಿಪಟ್ಟಿ ಕಡೆ ಹೋದರೆ ಸಕ್ಕಂಪಟ್ಟಿಯ ಮಗ್ಗಗಳ ಸದ್ದು ಕೇಳಿಸುತ್ತದೆ. ತಮಿಳುನಾಡಿನ ಎಷ್ಟೋ ದೇವಾಂಗ ನೇಕಾರರಿಗೆ ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಅಂಥ ಒಂದು ಮನೆಯ ತಾತನಿಗೆ ಲಕ್ವ ಹೊಡೆದು ಬಲಗೈ ಸೋತಿದೆ ಅಂತಿಟ್ಟುಕೊಳ್ಳಿ. ಹತ್ತಿರದ ಕೆ. ವಿಲಕ್ಕಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅಲ್ಲಿ ಫಿಸಿಯೋಥೆರಪಿಯವರು "ಕೈ ಎತ್ತಿ ತಾತಾ" ಅಂದರೆ ಎತ್ತುತ್ತಾರೆ. ಮನೆಗೆ ಬಂದ ಮೇಲೆ? ನೀರಿನ ಲೋಟಕ್ಕೂ ಎಡಗೈಯನ್ನೇ ಚಾಚುತ್ತಾರೆ.

ಇದು ಸೋಮಾರಿತನ ಅಲ್ಲ. ಮೊದಮೊದಲು ಕೈ ಮಾತು ಕೇಳುವುದಿಲ್ಲ, ಪ್ರಯತ್ನಿಸಿದಾಗೆಲ್ಲ ಸೋಲು. ಆಮೇಲೆ ಕೈಗೆ ಸ್ವಲ್ಪ ಶಕ್ತಿ ಬಂದರೂ ಮಿದುಳು ಅದನ್ನು ಕೆಲಸಕ್ಕೆ ಕರೆಯುವುದೇ ಇಲ್ಲ. ಬಳಸದಿರುವುದನ್ನೂ ದೇಹ ಕಲಿಯುತ್ತದೆ ಅಂತ ತೋರಿಸಿಕೊಟ್ಟವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್.

ಆಸ್ಪತ್ರೆಯಲ್ಲಿ ಗೊತ್ತಾಗುವುದು ತಾತ ಏನು ಮಾಡಬಲ್ಲರು ಅನ್ನೋದು. ಏನು ಮಾಡುತ್ತಾರೆ ಅನ್ನೋದನ್ನು ತಿಳಿಯಲು ಎರಡೂ ಮಣಿಕಟ್ಟಿಗೆ ವಾಚಿನಂಥ ಚಲನೆಯ ಸೆನ್ಸರ್ ಕಟ್ಟಬೇಕು. ದಿನವಿಡೀ ಯಾವ ಕೈ ಎಷ್ಟು ಹೊತ್ತು ಆಡಿತು ಅಂತ ಅದು ಬರೆದಿಡುತ್ತದೆ. ನನ್ನ ಪ್ರಕಾರ ದೊಡ್ಡ ಯಂತ್ರಕ್ಕಿಂತ ಮೊದಲು ನಮ್ಮ ತಾಲ್ಲೂಕುಗಳಿಗೆ ಬರಬೇಕಾದದ್ದು ಇದು. ಒಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು ವಾರವಾರ ಆಸ್ಪತ್ರೆಗೆ ಹೋಗೋದು ಎಷ್ಟು ಮನೆಗೆ ಸಾಧ್ಯ ಹೇಳಿ?

ಒಳಗಿರುವುದು ಮಂತ್ರವಲ್ಲ. ಸಿಲಿಕಾನ್ ಚೂರಿನಲ್ಲಿ, ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳಿಗೆ ಒಂದು ಪುಟ್ಟ ತೂಕ ನೇತುಬಿದ್ದಿರುತ್ತದೆ. ಕೈ ಅಲುಗಿದರೆ ತೂಕ ಹಿಂದುಳಿಯುತ್ತದೆ, ಪಕ್ಕದ ಪಟ್ಟಿಗಳ ನಡುವಿನ ಅಂತರ ಬದಲಾಗುತ್ತದೆ, ಅದರಿಂದ ವಿದ್ಯುತ್ ಧಾರಕತೆ ಬದಲಾಗುತ್ತದೆ. ಬಸ್ಸು ಧಡಕ್ಕನೆ ಹೊರಟಾಗ ನೀವು ಹಿಂದಕ್ಕೆ ವಾಲುತ್ತೀರಲ್ಲ, ಅದೇ ನ್ಯೂಟನ್ ನಿಯಮ! ನಿಮ್ಮ ಮನೆಯ ಸ್ಮಾರ್ಟ್ ಫೋನಿನಲ್ಲೂ ಇದಿದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ 'ಫೈಫಾಕ್ಸ್' ಹಾಕಿ, ಫೋನನ್ನು ಮೇಜಿನ ಮೇಲೆ ಸುಮ್ಮನೆ ಇಡಿ. ಸೊನ್ನೆ ಬರುತ್ತೆ ಅಂದುಕೊಂಡಿರಾ? ಸುಮಾರು 9.8 ತೋರಿಸುತ್ತದೆ. ಮೆತ್ತನೆ ದಿಂಬಿನ ಮೇಲೆ ಬೀಳಿಸಿದರೆ, ಬೀಳುವಷ್ಟು ಹೊತ್ತು ಸೊನ್ನೆಯ ಹತ್ತಿರ. (ಅಮ್ಮನ ಫೋನಾದರೆ ಕೇಳಿಯೇ ಬೀಳಿಸಿ!) ಯಾಕೆ ಹೀಗೆ ಅಂತ ನಿಮ್ಮ ಮೇಷ್ಟ್ರ ಜೊತೆ ಜಗಳ ಆಡಿ.

ಆದರೆ ಸೆನ್ಸರ್ ಹೇಳಿದ್ದನ್ನೆಲ್ಲ ನಂಬುವ ಹಾಗಿಲ್ಲ. ನಡೆಯುವಾಗ ಸುಮ್ಮನೆ ತೂಗಾಡಿದ ಕೈಯೂ, ಬಸ್ಸಿನ ಕುಲುಕಾಟವೂ ಲೆಕ್ಕಕ್ಕೆ ಸೇರಿಬಿಡಬಹುದು. ಕುರ್ಚಿ ಮೇಜಿನ ಮನೆಗಳಲ್ಲಿ ಕಲಿತ ಲೆಕ್ಕಾಚಾರಕ್ಕೆ, ನೆಲದ ಮೇಲೆ ಚಕ್ಕಳಮಕ್ಕಳ ಕೂತು ಅನ್ನ ಕಲೆಸುವುದು, ಲಾಳಿ ತಳ್ಳುವುದು ಏನು ಗೊತ್ತು? ನಮ್ಮವರ ಚಲನೆಗಳನ್ನು ನಮ್ಮವರೇ ಅಳೆದು ಅದಕ್ಕೆ ಕಲಿಸಬೇಕು. ಇನ್ನೊಂದು ಮಾತು: ಆ ಅಂಕಿ ಡಾಕ್ಟರ ಕಂಪ್ಯೂಟರಿನಲ್ಲೇ ಉಳಿಯಬಾರದು. "ತಾತಾ, ನಿನ್ನೆ ನಿಮ್ಮ ಬಲಗೈ ಇಷ್ಟು ನಿಮಿಷ ದುಡಿದಿದೆ" ಅಂತ ಅವರ ಭಾಷೆಯಲ್ಲಿ, ಅವರಿಗೇ ಮೊದಲು ಹೇಳಬೇಕು.

ಇವತ್ತು ಊಟದ ಹೊತ್ತಿಗೆ 10 ನಿಮಿಷ ಮನೆಯವರೊಬ್ಬರನ್ನು ಗಮನಿಸಿ. ಎಡಗೈ ಎಷ್ಟು ಸಲ, ಬಲಗೈ ಎಷ್ಟು ಸಲ ಕೆಲಸ ಮಾಡಿತು ಅಂತ ಗೀಟು ಹಾಕಿ. ಯಾವುದು 'ಕೆಲಸ', ಯಾವುದು ಬರೀ ಅಲುಗಾಟ ಅಂತ ತೀರ್ಮಾನಿಸುವಾಗ ನಿಮಗೂ ತಲೆಬಿಸಿ ಆಗುತ್ತದೆ, ನೋಡಿ ಬೇಕಾದರೆ.